ಬೀಳದ ಮುಚ್ಚಳ

ಗುಂಡಿ ಒತ್ತಿದವನೇ ಕೈ ಹಿಂದಕ್ಕೆಳೆದುಕೊಂಡ. ಕಂಪ್ಯೂಟರಿನ ಪರದೆಯ ಮೇಲಿನ ನಕ್ಷೆಯಲ್ಲಿ ತೂತುಗಳು ಒಂದೊಂದಾಗಿ ಅಗಲವಾದವು. ಪಂಪಿನ ಮುಚ್ಚಳವೊಂದು ಮುಗಿಯಿತು. ಇನ್ನೊಂದು ತಾನಾಗಿಯೇ ತೆರೆದುಕೊಂಡಿತು, ಅದೂ ಮುಗಿಯಿತು. ಹತ್ತು ಮಿಲಿಮೀಟರಿನ ಬೋಲ್ಟು ಕೂರುತ್ತಿದ್ದಲ್ಲಿ ಇನ್ನು ಹನ್ನೆರಡರದ್ದು ಕೂರಬೇಕು, ಅಷ್ಟೇ ಕೆಲಸ.

ಚಹಾ ತರಲೆಂದು ಎದ್ದ ರಘುವೀರ ತರದೆ ಕುಳಿತ. ತಾನು ಬರೆದ ಕೋಡು ತನ್ನನ್ನು ಕೇಳದೆ ಓಡುತ್ತಿರುವುದನ್ನು ನೋಡಿ ಖುಷಿಯಾಗಬೇಕಿತ್ತು. ಆಯಿತು ಕೂಡ, ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡ ಹಾಗೆ.

ಪಕ್ಕದ ಮೇಜಿನಲ್ಲಿ ಹರಿಪ್ರಿಯಾ ಅದೇ ಕೆಲಸವನ್ನು ತನ್ನ ಪರದೆಯಲ್ಲಿ, ಕೋಡಿಲ್ಲದೆ, ಕೈಯಲ್ಲಿ ಮಾಡುತ್ತಿದ್ದಳು. ತೂತನ್ನು ಆರಿಸಿ ಅಳತೆ ಬದಲಿಸುವುದು, ಹಳೆಯ ಬೋಲ್ಟನ್ನು ಅಳಿಸುವುದು, ಹೊಸದನ್ನು ತಂದು ಕೂರಿಸುವುದು. ಬೋಲ್ಟು ಸರಿಯಾಗಿ ಇಳಿದಾಗಲೆಲ್ಲ ತುಳುವಿನಲ್ಲಿ ಮೆಲ್ಲಗೆ ‘ಕೂತಿತು’ ಎನ್ನುವಳು. ಯಾರಿಗೂ ಅಲ್ಲ, ಬೋಲ್ಟಿಗೆ. ಅವಳು ಈ ಆಫೀಸಿಗೆ ಸೇರಿದಾಗಿನಿಂದ ರಘುವೀರ ಅದನ್ನು ಕೇಳುತ್ತಿದ್ದ. ಮೊದಲು ನಗು ಬರುತ್ತಿತ್ತು. ಆಮೇಲೆ ಅದಕ್ಕಾಗಿ ಕಾಯತೊಡಗಿದ. ಕಾಯುತ್ತಿದ್ದೇನೆ ಎಂದು ಗೊತ್ತಾದ ದಿನದಿಂದ ಸಹಿಸಲು ಆಗಲಿಲ್ಲ. ಕೋಡು ಬರೆಯಲು ಶುರುಮಾಡಿದ್ದು ಆಗಲೇ. ಕಂಪನಿಗೆ ಸಮಯ ಉಳಿಯುತ್ತದೆ ಎಂದು ಮೇಲಿನವನಾದ ಹಯಗ್ರೀವನಿಗೆ ಹೇಳಿದ್ದ. ಅದೇನೂ ಸುಳ್ಳಲ್ಲ.

ಕೊನೆಯ ಸಾಲು ಮೂಡಿತು. ಬೋಲ್ಟಿಗೂ ತೂತಿಗೂ ಹೊಂದದ ಕಡೆಗಳು: ಸೊನ್ನೆ.

ಹಯಗ್ರೀವ ಬಂದು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ.

“ಸೊನ್ನೆಯಾ? ಭಾರೀ ಆಯಿತಲ್ಲ ಮಾರಾಯ.”

ಹಾಗೆನ್ನುತ್ತ ಹರಿಪ್ರಿಯಾಳ ಕಡೆ ಒಮ್ಮೆ ನೋಡಿದ, ಕುರ್ಚಿಯನ್ನು ಎಲ್ಲಿಗೆ ಸರಿಸುವುದೆಂದು ನೋಡುವ ಹಾಗೆ.

ಊಟ ಆದಮೇಲೆ ಅವಳನ್ನು ಗಾಜಿನ ಕೋಣೆಗೆ ಕರೆದ. ಮಾತು ಹೊರಗೆ ಕೇಳುತ್ತಿರಲಿಲ್ಲ. ಅವಳು ತಲೆಯಾಡಿಸುವುದು ಕಾಣುತ್ತಿತ್ತು. ಹೊರಗೆ ಬಂದು ಬುತ್ತಿ, ನೀರಿನ ಬಾಟಲಿ, ಛತ್ರಿ ಚೀಲಕ್ಕೆ ಹಾಕಿಕೊಂಡಳು. ಹೋಗಿ ಬರುತ್ತೇನೆ ಎನ್ನಲಿಲ್ಲ. ಅವಳ ಕಂಪ್ಯೂಟರಿನ ಪರದೆ ಹಾಗೆಯೇ ಉರಿಯುತ್ತಿತ್ತು. ಅದರಲ್ಲಿ ಒಂದು ಬೋಲ್ಟು ತೂತಿನ ಬಾಯಿಯವರೆಗೆ ಬಂದು ಗಾಳಿಯಲ್ಲಿ ನಿಂತಿತ್ತು.

ಇನ್ನು ಮುಂದೆ ಇಂಥ ಕೆಲಸಕ್ಕೆ ಜನ ಬೇಡ ಎಂದು ತೀರ್ಮಾನವಾಗಿದೆ, ಅವಳಿಗೆ ಹೇಳಿಯಾಗಿದೆ ಎಂದು ಹಯಗ್ರೀವ ತಿಳಿಸಿದ. ನಡುವೆ ಎರಡು ಸಲ ರಘುವೀರನ ಬೆನ್ನು ತಟ್ಟಿದ.

ಕೈಗೆ ಬೇರೆ ಕೆಲಸವಿರಲಿಲ್ಲ. ರಘುವೀರ ಮುಗಿದ ಮುಚ್ಚಳವೊಂದನ್ನು ತೆರೆದು ಸುಮ್ಮನೆ ತಿರುಗಿಸಿದ. ತೂತುಗಳು ಅಗಲವಾಗಿದ್ದವು. ಬೋಲ್ಟುಗಳಿರಲಿಲ್ಲ. ಇನ್ನೊಂದನ್ನು ತೆರೆದ. ಅದರಲ್ಲೂ ಇರಲಿಲ್ಲ. ಕೋಡು ಹಳೆಯ ಬೋಲ್ಟುಗಳನ್ನೆಲ್ಲ ಅಳಿಸಿತ್ತು. ಹೊಸವು ಇದ್ದ ಫೋಲ್ಡರು ಸಿಗದಿದ್ದರೂ, ಸಿಗಲಿಲ್ಲ ಎಂದು ಹೇಳದೆ, ಮುಂದಕ್ಕೆ ಹೋಗಿತ್ತು. ಪರೀಕ್ಷೆಯನ್ನೂ ಅವನೇ ಬರೆದದ್ದು: ಪ್ರತಿ ಬೋಲ್ಟನ್ನೂ ಅದರ ತೂತಿನೊಂದಿಗೆ ಹೋಲಿಸು. ಬೋಲ್ಟೇ ಇಲ್ಲದ ಮೇಲೆ ಹೊಂದದಿರುವುದು ಯಾವುದು? ಸೊನ್ನೆ ಬಂದದ್ದು ಹಾಗೆ.

ಆದರೆ ಅವನು ನೋಡುತ್ತ ಕುಳಿತದ್ದು ತಪ್ಪನ್ನಲ್ಲ. ಮುಚ್ಚಳ ಪಂಪಿನ ಬಾಯಿಗೆ ಅಂಟಿಕೊಂಡೇ ಇತ್ತು. ಪರದೆಯಲ್ಲಿ ಭಾರ ಎಂಬುದಿಲ್ಲ. ಹಿಡಿದಿದ್ದ ಬೋಲ್ಟುಗಳು ಹೋದರೂ ಅಲ್ಲಿ ಏನೂ ಬೀಳುವುದಿಲ್ಲ.

ಸರಿಮಾಡಲು ಒಂದು ಸಾಲು ಸಾಕಿತ್ತು. ಅವನು ಅದನ್ನು ಬರೆಯಲಿಲ್ಲ. ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದುಕೊಂಡ.

ಅಂದು ಶನಿವಾರ. ಮಣಿಪಾಲದಿಂದ ಕಾರ್ಕಳದ ಬಸ್ಸು ಹಿಡಿದು ಮನೆಗೆ ಹೋಗುವ ದಿನ. ಆ ಬಸ್ಸು ಎದುರಿಗೇ ಬಂದು ನಿಂತು, ಕಂಡಕ್ಟರ್ ಕರೆದು, ಹೊರಟುಹೋಯಿತು. ಅವನು ಉಡುಪಿಗೆ ಇಳಿದು ಹರಿಪ್ರಿಯಾಳ ಊರಾದ ಕಾಪುವಿನ ಬಸ್ಸು ಹತ್ತಿದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ಯಾರಿಗಾದರೂ ಏನಾದರೂ ಕೊಡಲು ಹೋಗುವುದು ಇದೇ ಮೊದಲು ಎನಿಸಿತು. ಕಸಿದುಕೊಂಡವನೂ ತಾನೇ ಎಂಬುದು ಕಟಪಾಡಿ ದಾಟುವಾಗ ನೆನಪಾಯಿತು.

ಲೈಟ್‌ಹೌಸಿನ ದಾರಿಯಲ್ಲಿ, ಹಿಟ್ಟಿನ ಗಿರಣಿಯ ಹಿಂದೆ ಮನೆ ಎಂದು ಅವಳು ಎಂದೋ ಹೇಳಿದ್ದಳು. ಅವಳ ತಾಯಿ ಪಂಕಜಾ ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ತಂದಿಟ್ಟರು. ಆಫೀಸಿನವನು ಎಂದು ಕೇಳಿ ಅವರ ಮುಖ ಅರಳಿತು. ಮಗಳು ಏನಾದರೂ ಮರೆತು ಬಂದಳಾ ಎಂದು ತುಳುವಿನಲ್ಲಿ ವಿಚಾರಿಸಿದರು. ಅವರಿಗೆ ಇನ್ನೂ ಗೊತ್ತಿಲ್ಲ. ರಘುವೀರ ಹೌದು ಎಂಬಂತೆಯೂ ಅಲ್ಲ ಎಂಬಂತೆಯೂ ತಲೆಯಾಡಿಸಿದ.

ತಾಯಿ ಒಳಗೆ ಹೋಗುವವರೆಗೆ ಹರಿಪ್ರಿಯಾ ಬಾಗಿಲಲ್ಲೇ ನಿಂತಿದ್ದಳು.

“ಎಂತ ಕೆಲಸ ಇತ್ತು ನಿಮಗೆ?”

ಕನ್ನಡದಲ್ಲಿ. ಅವರಿಬ್ಬರೂ ಯಾವತ್ತೂ ತುಳುವಿನಲ್ಲಿ, ನೀನು ಎಂದೇ ಮಾತಾಡಿಕೊಂಡವರು. ಈಗ ಬ್ಯಾಂಕಿನ ಕಿಟಕಿಯಲ್ಲಿ ಮಾತಾಡುವ ಹಾಗೆ, ಪ್ರತಿ ಅಕ್ಷರವನ್ನೂ ಪೂರ್ತಿ ಉಚ್ಚರಿಸಿ ಕೇಳಿದ್ದಳು. ಅವನ ಬಾಯಿಗೂ ಕನ್ನಡವೇ ಬಂತು.

“ಇದು ನೋಡಿ,” ಎಂದು ಮೊಬೈಲು ಚಾಚಿದ. “ಒಂದು ಬೋಲ್ಟೂ ಇಲ್ಲ.”

ಅವಳು ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ ನೋಡಿದಳು.

“ಬೀಳಲಿಲ್ಲ ಅಲ್ವಾ?”

“ಅದರಲ್ಲಿ ಬೀಳುವುದಿಲ್ಲ.”

“ಸರ್‌ಗೆ ಗೊತ್ತುಂಟಾ?”

“ಇಲ್ಲ. ಕೋಡನ್ನು ನಂಬುವ ಹಾಗಿಲ್ಲ, ಕೈಯಲ್ಲೇ ಆಗಬೇಕು ಅಂತ ನಾನು ಹೇಳುತ್ತೇನೆ. ಸೋಮವಾರ ನೀವು ಬಂದರೆ ಆಯಿತು. ಮೊದಲಿನ ಹಾಗೆಯೇ.”

ಅವಳು ಮೊಬೈಲು ಹಿಂದೆ ಕೊಟ್ಟಳು.

“ಸರಿಮಾಡಲಿಕ್ಕೆ ಎಷ್ಟು ಉಂಟು?”

“ನೋಡಬೇಕು.”

“ನೋಡಿದ್ದೀರಿ.”

“ಒಂದು ಸಾಲು.”

“ಅದನ್ನು ನೀವು ಬರೆಯದೆ ಇರುವಷ್ಟು ದಿನ ನನಗೆ ಕೆಲಸ.”

“ಹಾಗಲ್ಲ.”

“ಮತ್ತೆ ಹೇಗೆ?”

ನೀನು ಹೋದಮೇಲೆ ಆ ಕೋಣೆಯಲ್ಲಿ ‘ಕೂತಿತು’ ಎನ್ನುವವರು ಯಾರೂ ಇಲ್ಲ ಎಂದು ಹೇಳಬಹುದಿತ್ತು. ಕನ್ನಡದಲ್ಲಿ ಅದು ಆಫೀಸಿನ ದೂರಿನ ಹಾಗೆ ಕೇಳಿಸೀತು. ತುಳುವಿನಲ್ಲಿ ಹೇಳುವ ಧೈರ್ಯ ಇರಲಿಲ್ಲ. ಬೆಲ್ಲದ ಚೂರಿಗೆ ಇರುವೆ ಹತ್ತಿತ್ತು. ಒಳಗಿನಿಂದ ಪಂಕಜಾ, ಕಾಫಿಗೆ ಇಟ್ಟಿದ್ದೇನೆ, ಕುಡಿಯದೆ ಹೋಗಬಾರದು ಎಂದು ಕೂಗಿದರು.

“ಸೋಮವಾರ ಬರುತ್ತೀರಿ ಅಲ್ವಾ?” ಎಂದ.

ಅವನ ಅಂಗೈಯಲ್ಲಿ ಪರದೆ ಇನ್ನೂ ಆರಿರಲಿಲ್ಲ. ಸುತ್ತಲೂ ಖಾಲಿ ತೂತುಗಳು, ನಡುವೆ ಮುಚ್ಚಳ, ಯಾವುದೂ ಹಿಡಿಯದೆ, ಬೀಳದೆ, ಇದ್ದಲ್ಲೇ ಇತ್ತು.

“ಬರುವುದಿಲ್ಲ,” ಎಂದಳು ಹರಿಪ್ರಿಯಾ.