ಮರವಿಯಾಳ ಮನೆ ಎತ್ತಿದ ಶುಕ್ರವಾರ

ಮನೆ ಎದ್ದಿತು, ಆದರೆ ಒಂದು ಕಡೆ ಮಾತ್ರ. ನದಿಯ ಕಡೆಯ ಕಂಬಗಳು ಅಡಿಗಲ್ಲು ಬಿಟ್ಟು ಮೊಳದುದ್ದ ಮೇಲೆ ಬಂದವು. ದಾರಿಯ ಕಡೆಯವು ಅಲುಗಲಿಲ್ಲ. ಆಳೆತ್ತರದ ಕಂಬಗಳ ಮೇಲಿದ್ದ ಇಡೀ ಮರದ ಮನೆ ಕಿರ್ರೆಂದು ವಾಲಿ, ಅಟ್ಟದ ಮೇಲೆ ಯಾವುದೋ ಡಬ್ಬ ಗಡಗಡನೆ ಉರುಳಿತು.

"ಇಳಿಸ್ರೋ!" ಎಂದು ಒಬ್ಬ ಕೂಗಿದ. "ಎತ್ರೋ, ಎತ್ರೋ!" ಎಂದು ಇನ್ನೊಬ್ಬ. "ಒಂದು, ಎರಡು..." ಎಂದು ಮತ್ತೆ ಮೊದಲಿನಿಂದ ಎಣಿಸತೊಡಗಿದವನು ಮರವಿಯಾಳ ತಮ್ಮ ರಪ್ಪೆ. ಎರಡು ಎನ್ನುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು. ಶುಕ್ರವಾರದ ನಮಾಜು ಮುಗಿಸಿ ಮಸೀದಿಯಿಂದ ನೇರವಾಗಿ ಬಂದಿದ್ದ ಅರವತ್ತು ಗಂಡಸರು, ಲುಂಗಿ ಎತ್ತಿ ಕಟ್ಟಿ, ಕಂಬಗಳಿಗೆ ಬಿಗಿದ ಬಿದಿರಿಗೆ ಹೆಗಲು ಕೊಟ್ಟು ನಿಂತಿದ್ದರು. ಯಾರ ಮಾತು ಕೇಳಬೇಕೆಂದು ತಿಳಿಯದೆ ಅವರು ಮನೆಯನ್ನು ಧೊಪ್ಪನೆ ಕೈಬಿಟ್ಟರು.

ಮರವಿಯಾ ಹಣೆ ಚಚ್ಚಿಕೊಂಡಳು. "ಅಯ್ಯೋ, ಕೋಳಿಗೂಡು ಎತ್ತೋಕೂ ಬರಲ್ವೇನೋ ನಿಮಗೆ!"

"ಎಲ್ರೂ ಒಟ್ಟಿಗೆ ಎತ್ತಬೇಕಲ್ಲ ಅಕ್ಕ," ಎಂದ ರಪ್ಪೆ. "ಅವರು ಕೇಳ್ತಾನೇ ಇಲ್ಲ."

"ಕೇಳೋಹಾಗೆ ಹೇಳು ಮತ್ತೆ!"

ಮನೆ ಅವಳದು, ಅವ್ವ ಬಿಟ್ಟುಹೋದದ್ದು. ಅದು ನಿಂತ ನೆಲ ಗಂಡ ಸುಲೋನದು. ಇಪ್ಪತ್ತಾರು ವರ್ಷದಲ್ಲಿ ಯಾವುದು ಯಾರದೆಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ. ಹದಿನೈದು ದಿನದ ಹಿಂದೆ ಊಟಕ್ಕೆ ಕೂತವನು, ಮೀನಿನ ಮುಳ್ಳು ಬಿಡಿಸುತ್ತ, "ನೆಲ ಮಾರಿದೆ" ಎಂದ.

"ಯಾವ ನೆಲ?"

"ಇದೇ. ಮರಳು ತೆಗೆಸೋ ಯಜಮಾನನಿಗೆ. ಮುಂದಿನ ತಿಂಗಳು ಅವನ ಲಾರಿ ಬರುತ್ತೆ."

"ಮತ್ತೆ ಮನೆ?"

"ಮನೆ ನಿಂದಲ್ವಾ? ನಾನೇನು ಅದನ್ನ ಮುಟ್ಟಿದ್ದೀನಾ? ಎಲ್ಲಿಗೆ ಬೇಕೋ ಅಲ್ಲಿಗೆ ಇಟ್ಟುಕೋ. ಇನ್ನೊಂಚೂರು ಸಾರು ಹಾಕು."

ನದಿ ವರ್ಷಕ್ಕೆ ಎರಡು ಮಾರು ದಂಡೆ ತಿನ್ನುತ್ತಿತ್ತು. ಇನ್ನು ಮೂರು ಮಳೆಗಾಲ ಕಳೆದರೆ ಆ ನೆಲ ನೀರಿನ ಪಾಲೇ. ಈಗ ಒಳ್ಳೆಯ ಬೆಲೆ ಬಂತು, ಕೊಟ್ಟೆ ಎಂದು ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಎಮ್ಮೆ ಮಾರಿದಾಗಲೂ ಅವನದೇ ಸರಿ, ಮಗಳನ್ನು ದೂರದ ಮಕಸ್ಸರ್ ಪಟ್ಟಣಕ್ಕೆ ಕೊಟ್ಟು ಮದುವೆ ಮಾಡಿದಾಗಲೂ ಅವನದೇ ಸರಿ. ಆದರೆ ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ, ನೀನೇನಂತೀಯ ಎಂದು ಆ ಮನುಷ್ಯ ಬಾಯಿಬಿಟ್ಟು ಕೇಳಿದ್ದರೆ! ಅಷ್ಟು ಕೇಳಿದ್ದರೆ ಅವಳೇ ಹೂಂ ಎನ್ನುತ್ತಿದ್ದಳು. ಕೇಳದೆ ಮಾರಿದವನಿಗೆ ಹೇಳದೆಯೇ ಸಾಗಿಸುತ್ತೇನೆ ಎಂದುಕೊಂಡು, ತಮ್ಮನ ತೋಟದ ಮೂಲೆಯಲ್ಲಿ ಅಡಿಗಲ್ಲು ಇಡಿಸಿ, ಇಮಾಮರ ಹತ್ತಿರ ಹೋಗಿ ಮಸೀದಿಯ ಮೈಕಿನಲ್ಲಿ ಕೂಗಿಸಿ, ಜನರನ್ನು ಕೂಡಿಸಿದ್ದಳು.

ಕೆಟ್ಟದ್ದು ಒಂದೇ ಕಡೆ. ಸುತ್ತಲಿನ ನಾಲ್ಕೂರಲ್ಲಿ ಎಲ್ಲಿ ಮನೆ ಎತ್ತಿ ಬೇರೆಡೆಗೆ ಹೊತ್ತರೂ ಕೂಗು ಹಾಕುತ್ತಿದ್ದವನು ಸುಲೋ. ಈ ಜನರ ಹೆಗಲಿಗೂ ಕಾಲಿಗೂ ಅವನ ದನಿಯೇ ಅಭ್ಯಾಸ. ಈಗ ಆ ಮಹಾರಾಯ ದಾರಿಯಾಚೆಯ ಕಾಫಿ ಅಂಗಡಿಯ ಬೆಂಚಿನ ಮೇಲೆ, ಲವಂಗದ ಸಿಗರೇಟು ಸೇದುತ್ತ, ನಾಟಕ ನೋಡುವವನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಹಟ ಬಿಡಮ್ಮ ಮರವಿಯಾ," ಎಂದರು ಊರ ಮುಖ್ಯಸ್ಥ ಹಾಜಿ ಮುಸ್ತಾರಿ. "ಇನ್ನೊಂದು ಸಲ ಹೀಗೆ ಬಿದ್ರೆ ನಡುಗಂಬ ಸೀಳಿಹೋಗುತ್ತೆ. ಆಮೇಲೆ ಸೌದೆಗಷ್ಟೇ. ಕರಿ ಅವನನ್ನ."

"ನೀವೇ ಕರೀರಿ ಹಾಜಿಯವರೇ."

"ನಾನು ಕರೆದಾಯ್ತು. ಮನೆಯವಳು ಕರೀಲಿ ಅಂತಾನೆ."

ನಡುಗಂಬವೆಂದರೆ ಮನೆಯ ಜೀವ. ಅವ್ವನ ಹೆಣ ಮಲಗಿಸಿದಾಗ ತಲೆಯ ಕಡೆಗಿದ್ದದ್ದು ಅದು, ಮಗಳ ತೊಟ್ಟಿಲು ಕಟ್ಟಿದ್ದೂ ಅದರ ಪಕ್ಕದಲ್ಲೇ. ಮರವಿಯಾ ಹಲ್ಲು ಕಚ್ಚಿಕೊಂಡು ದಾರಿ ದಾಟಿದಳು.

"ಬನ್ನಿ," ಎಂದಳು.

"ಎಲ್ಲಿಗೆ?"

"ಎಲ್ಲಿಗೆ ಅಂತ ಬೇರೆ ಕೇಳ್ತೀರಾ? ಕಣ್ಣು ಕಾಣಲ್ವಾ?"

"ನಂಗೆ ಯಾರೂ ಏನೂ ಹೇಳಿಲ್ಲಪ್ಪ. ಊರೋರಂಗೆ ನಾನೂ ಮೈಕಿನಲ್ಲೇ ಕೇಳಿದ್ದು."

"ಹೇಳದೇ ಇದ್ರೆ ಹೇಗಿರುತ್ತೆ ಗೊತ್ತಾಯ್ತಲ್ಲ. ಏಳಿ."

ಅವನು ತಕ್ಷಣ ಏಳಲಿಲ್ಲ. ಲೋಟದ ತಳದ ಗಷ್ಟಿನವರೆಗೂ ಕಾಫಿ ಕುಡಿದ, ಸಿಗರೇಟನ್ನು ಬೆರಳು ಸುಡುವ ತನಕ ಎಳೆದ. ಆಮೇಲೆ ಬಂದು ಮನೆಯ ಸುತ್ತ ಒಂದು ಸುತ್ತು ಹಾಕಿದ. ಎರಡು ಕಡೆ ಕಟ್ಟು ಬಿಚ್ಚಿಸಿ ಮತ್ತೆ ಬಿಗಿಸಿದ. "ಯಾವನೋ ಈ ಗಂಟು ಹಾಕಿದ್ದು? ಆಡು ಕಟ್ಟೋ ಗಂಟು!" ಎಂದಾಗ ರಪ್ಪೆ ಆಕಾಶ ನೋಡಿದ. ಉದ್ದದವರನ್ನು ತಗ್ಗಿನ ಕಡೆಗೆ ಅಟ್ಟಿ, ಗಿಡ್ಡರನ್ನು ಏರಿನ ಕಡೆಗೆ ನಿಲ್ಲಿಸಿದ.

"ಅಕ್ಕ, ಬಾಗಿಲಿನಿಂದ ಬಿಚ್ಚಿಟ್ಟಿರೋ ಈ ಏಣಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಬಿಡಿ, ಅಲ್ಲೇ ಇರಲಿ," ಎಂದಳು ಮರವಿಯಾ.

ಸುಲೋ ದನಿ ತೆಗೆದ. ಅದನ್ನು ಎಣಿಕೆ ಎನ್ನುವಂತಿಲ್ಲ, ಹಾಡೂ ಅಲ್ಲ. ಹೊಟ್ಟೆಯ ಆಳದಿಂದ ಎದ್ದು ತುದಿಯಲ್ಲಿ ಪಟ್ಟನೆ ಕಡಿಯುವ ಒಂದು ಕೂಗು. ಅದು ಕಡಿದ ಕ್ಷಣಕ್ಕೆ ಅರವತ್ತು ಜನರ ಮೊಣಕಾಲುಗಳು ನೆಟ್ಟಗಾದವು. ಮನೆ ಎದ್ದಿತು, ನಾಲ್ಕೂ ಕಡೆ, ನೀರು ತುಂಬಿದ ಬಟ್ಟಲನ್ನು ಎತ್ತಿದ ಹಾಗೆ. ದಾರಿಗುಂಟ, ಮಾವಿನ ಕೊಂಬೆ ತಪ್ಪಿಸಿಕೊಂಡು, ಮಸೀದಿಯ ತಿರುವಿನಲ್ಲಿ ಒಂದಿಷ್ಟು ಓರೆಯಾಗಿ, ಅವನ ದನಿಯ ಹಿಂದೆ ನಡೆದುಹೋಯಿತು. ಮಕ್ಕಳು ಕೇಕೆ ಹಾಕಿದರು. ಪಕ್ಕದಲ್ಲೇ ಓಡುತ್ತಿದ್ದ ಮರವಿಯಾಳ ಎದೆ ತುಂಬಿ ಬಂತು. ಅವಳು ಈ ಗಂಡಸನ್ನು ಒಪ್ಪಿದ್ದು ಇದೇ ಕೂಗು ಕೇಳಿ. ಸುಡಲಿ, ಎಂದು ತನ್ನನ್ನೇ ಬೈದುಕೊಂಡಳು.

ರಪ್ಪೆಯ ತೋಟದಲ್ಲಿ ಕಂಬಗಳು ಕಲ್ಲಿನ ಮೇಲೆ ಕೂತಾಗ ಒಂದು ಸದ್ದೂ ಆಗಲಿಲ್ಲ. ಗಂಡಸರು ಬೆವರು ಒರೆಸಿಕೊಂಡು ಮರದ ನೆರಳಿಗೆ ಸರಿದರು. ಹೆಂಗಸರು ಎಲೆ ಹಾಕಿ ಅನ್ನ, ಹುಳಿ ಹಾಕಿದ ಮೀನು, ಬಾಳೆಹಣ್ಣಿನ ಕಡುಬು ಬಡಿಸತೊಡಗಿದರು. ಮರವಿಯಾ ರಪ್ಪೆಯ ಬಿದಿರೇಣಿ ಇಟ್ಟುಕೊಂಡು ಹತ್ತಿ, ನಡುಗಂಬವನ್ನು ಮೇಲಿಂದ ಕೆಳಗೆ ಸವರಿ ನೋಡಿದಳು. ಬಿರುಕಿರಲಿಲ್ಲ. ಆಮೇಲೆ ಬಾಗಿಲಿಗೆ ಬಂದು ಬಿದಿರೇಣಿಯನ್ನು ಮೇಲಕ್ಕೆ ಎಳೆದುಕೊಂಡಳು.

ಸುಲೋ ಕಾಲು ತೊಳೆದುಕೊಂಡು ಬಂದು ನೋಡುತ್ತಾನೆ, ಹತ್ತಲು ಏನೂ ಇಲ್ಲ.

"ನಮ್ಮ ಏಣಿ ಎಲ್ಲಿ?"

"ಅದು ನಿಮ್ಮ ನೆಲದ ಹಲಸಿನ ಮರದ್ದಲ್ವಾ?" ಎಂದಳು ಮರವಿಯಾ ಮೇಲಿನಿಂದ. "ನಿಮ್ಮ ವಸ್ತು ನಾನು ಮುಟ್ತೀನಾ? ಅಲ್ಲೇ ಇದೆ ನೋಡಿ."

ಊಟಕ್ಕೆ ಕೂತವರಲ್ಲಿ ಯಾರೋ ಕಿಸಕ್ಕೆಂದರು. ಸುಲೋ ಅವರ ಕಡೆ ನೋಡಿದ. ಯಾರೂ ಏಳಲಿಲ್ಲ. ಬಂದ ದಾರಿಯಲ್ಲೇ ಒಬ್ಬನೇ ಹೋದ. ಹೊರುವಾಗ ಊರೆಲ್ಲ ಹಿಂದೆ ಬಂದಿದ್ದ ದಾರಿಯಲ್ಲಿ ಏಣಿಯ ಜೊತೆ ವಾಪಸು ಬರುವಾಗ ಅವನ ಹಿಂದೆ ಒಂದು ಕೋಳಿಯೂ ಇರಲಿಲ್ಲ. ತೋಟದ ಬೇಲಿಯ ಬಳಿ ಬರುವಷ್ಟರಲ್ಲಿ ಮುಖ ಕೆಂಪಾಗಿತ್ತು.

ರಪ್ಪೆ ಅನ್ನದ ಕೈಯಲ್ಲೇ ಎದ್ದು ಅಡ್ಡ ನಿಂತ. "ಭಾವ, ಬೇಜಾರು ಮಾಡ್ಕೋಬೇಡಿ. ನೆಲ ನಂದು, ಅಕ್ಕನಿಗೆ ಕೊಟ್ಟಿದ್ದೀನಿ. ಮನೆ ಅಕ್ಕಂದು. ಒಳಗೆ ಬರೋದಾದ್ರೆ ಅಕ್ಕನ್ನ ಒಂದ್ಮಾತು ಕೇಳಿ."

"ನನ್ನ ಹೆಂಡ್ತಿ ಮನೆಗೆ ಹೋಗೋಕೆ ನಾನು ಕೇಳಬೇಕೇನೋ?"

ರಪ್ಪೆ ಮೇಲೆ ನೋಡಿದ. ಬಾಗಿಲಲ್ಲಿ ಮರವಿಯಾ ಕಾಲು ಇಳಿಬಿಟ್ಟು ಕೂತಿದ್ದಳು. ಹಾಜಿ ಮುಸ್ತಾರಿ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಅಲ್ಲೇ ತಡೆದರು. ಬಡಿಸುತ್ತಿದ್ದ ಹೆಂಗಸರ ಸೌಟುಗಳೂ ನಿಂತವು.

ಸುಲೋ ಏಣಿಯನ್ನು ಬಲಹೆಗಲಿನಿಂದ ಎಡಹೆಗಲಿಗೆ ಬದಲಿಸಿದ. ನೆಲ ನೋಡಿದ. ತುಟಿಯೊಳಗೇ ಏನೋ ಅಂದ.

"ಏನಂದ್ರಿ?" ಎಂದಳು ಮರವಿಯಾ.

"ಬರ್ಲಾ ಅಂದೆ," ಎಂದು ಗೊಣಗಿದ.

"ಕೇಳಿಸ್ಲಿಲ್ಲ," ಎಂದಳು ಅವಳು. "ಊರಿಗೆಲ್ಲ ಕೇಳೋಹಾಗೆ ಕೂಗ್ತೀರಿ. ನಂಗೂ ಒಂದ್ಸಲ ಕೇಳೋಹಾಗೆ ಹೇಳಿ."

ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು, ಯಾರೋ ಕರೆದರೆಂದು ತಲೆಯೆತ್ತಿ, ನದಿಯ ಈಚೆಗೆ ನೋಡಿದರು.