ಗಡಿಯಾರದವರು ದಾರಿ ತಪ್ಪಿದ್ದು

ಲೆಕ್ಕದ ಟೀಚರ್ ನಿವೃತ್ತರಾಗಿ ವರ್ಷಗಳಾಗಿದ್ದರೂ ಅವರ ನಾಲಿಗೆಗೆ ಹೆದರದವರು ಆ ಬೀದಿಯಲ್ಲಿರಲಿಲ್ಲ. ಮನೆಯೊಳಗೆ ಮಾತ್ರ ಆ ನಾಲಿಗೆಗೆ ಕೆಲಸ ತಪ್ಪಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡನಿಗೆ ಮರೆವಿನ ಕಾಯಿಲೆ. ಬೈಸಿಕೊಂಡದ್ದೇ ನೆನಪಿರದವರನ್ನು ಬೈದು ಏನು ಸುಖ?

ಅವರು ಯಾವತ್ತಾದರೂ ಹೊರಗೆ ಹೋಗಿ ದಾರಿ ತಪ್ಪಿಯಾರು, ಈಗಲೇ ತಯಾರಿ ಮಾಡಿಕೊಳ್ಳಿ ಎಂದು ಡಾಕ್ಟರ್ ಹೇಳಿದ್ದೇ ತಡ, ಮಗ ಮಗಳು ಬಂದಿಳಿದರು. ಮಗ ಬ್ಯಾಂಕ್ ಮ್ಯಾನೇಜರ್. ಹೆತ್ತವರ ಮನೆಗೂ ತಪಾಸಣೆಗೆ ಬಂದವನಂತೆಯೇ ಬರುತ್ತಿದ್ದ. ಮಗಳು ಅಪ್ಪನ ಕೈ ಹಿಡಿದು ಅತ್ತು, ಕಣ್ಣೊರೆಸಿಕೊಂಡು, ಹೊಟ್ಟೆ ತುಂಬ ಉಂಡು ಹೋಗುವವಳು. ತಟ್ಟೆ ತೊಳೆಯುವವರು ಟೀಚರೇ.

ಮಗ ಒಂದು ವಾಚು ತಂದಿದ್ದ. ಅದನ್ನು ಕಟ್ಟಿಕೊಂಡವರು ಎಲ್ಲಿದ್ದರೂ ಮೊಬೈಲಿನಲ್ಲಿ ಕಾಣುತ್ತಾರಂತೆ. ಜೀವಮಾನವೆಲ್ಲ ವಾಚು ಬಿಚ್ಚಿದವರ ಕೈಗೆ ವಾಚು ಕಟ್ಟುವ ಬುದ್ಧಿ ಇವನಿಗೆಲ್ಲಿಂದ ಬಂತೋ. ಸಂಜೆಯೊಳಗೆ ಅವರು ಚಾಕುವಿನ ತುದಿಯಿಂದ ಅದರ ಬೆನ್ನು ಎಬ್ಬಿಸಿ, ಒಳಗೆ ಇಣುಕಿ, "ಒಂದು ಚಕ್ರಾನೂ ಇಲ್ಲ. ಯಾರೋ ನಿಮಗೆ ಟೋಪಿ ಹಾಕಿದಾರೆ ಸಾರ್" ಎಂದು ಮಗನಿಗೇ ಹಿಂತಿರುಗಿಸಿದರು. ಟೀಚರ್ ತುಟಿ ಕಚ್ಚಿಕೊಂಡು ಅಡುಗೆಮನೆಗೆ ಹೋದರು.

ಆಮೇಲೆ ಫೋಟೋದ ಮಾತು ಬಂತು. ಪೊಲೀಸರಿಗೆ ಕೊಡಲು ತೀರ ಈಚಿನದ್ದೇ ಬೇಕೆಂದು ಡಾಕ್ಟರ್ ಹೇಳಿದ್ದರು. ಮಗಳು ಆರಿಸಿದ್ದು ತನ್ನ ಮದುವೆಯದ್ದು. ಅದರಲ್ಲಿ ಅಪ್ಪನಿಗೆ ಕೋಟು, ಕಪ್ಪು ಕೂದಲು, ತುಂಬುಗೆನ್ನೆ.

"ಈಗಿನದ್ರಲ್ಲಿ ಅಪ್ಪ ತುಂಬಾ ಸೊರಗಿದಾರಮ್ಮ. ನಾಲ್ಕು ಜನ ನೋಡ್ತಾರೆ."

"ನಾಲ್ಕು ಜನ ನೋಡ್ಲಿ ಅಂತ ತಾನೇ ಕೊಡೋದು?" ಎಂದರು ಟೀಚರ್. "ಹುಡುಕೋದು ಮುದುಕನ್ನ ಕಣೇ. ಹೆಣ್ಣು ಕೊಡೋರಿಗೆ ಗಂಡು ತೋರಿಸ್ತಿಲ್ಲ."

ಬೀದಿಯ ಅಂಗಡಿಗಳವರ ಕಿವಿಗೆ ಹಾಕಿಡೋಣ ಎಂದು ಟೀಚರ್ ಹೇಳಿದಾಗ ಮಾತ್ರ ಎಂದೂ ಒಂದಾಗದ ಅಣ್ಣತಂಗಿ ಒಂದಾದರು. ಮನೆಯ ಮಾತು ಹೊಸಿಲು ದಾಟಬಾರದು, ಆಡಿಕೊಳ್ಳುವವರ ಬಾಯಿಗೆ ನಾವೇ ಯಾಕೆ ಬೀಳಬೇಕು ಎಂದರು. ಮನುಷ್ಯ ಕಳೆದುಹೋದರೂ ಚಿಂತೆಯಿಲ್ಲ, ಮಾನ ಭದ್ರವಾಗಿರಬೇಕು ಇವರಿಗೆ ಎಂದುಕೊಂಡ ಟೀಚರ್, ಅವರಿಬ್ಬರನ್ನೂ ಬಾಗಿಲವರೆಗೆ ಕಳಿಸಿ, ತಾವೂ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಹೊರಟದ್ದೇನೋ ಸರಿ, ಸಲೂನಿನ ಮೆಟ್ಟಿಲ ಬಳಿ ಕಾಲು ಏಳಲಿಲ್ಲ. ಅವರು ಯಾರೆದುರೂ ಕೈಚಾಚಿದವರಲ್ಲ. ಸಲೂನಿನವನಂತೂ ಶಾಲೆಯಲ್ಲಿ ಅವರಿಂದ ಕಿವಿ ಹಿಂಡಿಸಿಕೊಂಡವನು. ಗಂಟಲು ಸರಿಮಾಡಿಕೊಂಡು, ನಮ್ಮನೆಯವರು ಒಬ್ಬರೇ ಕಂಡರೆ ಕೂರಿಸಿಕೋ, ಎಲ್ಲಿಗೆ ಹೊರಟಿರಿ ಎಂದು ಪೀಡಿಸಬೇಡ, ನನಗೆ ಫೋನು ಮಾಡು ಎಂದರು.

"ಅವರ ವಿಷಯ ಬೀದಿಗೆಲ್ಲ ಗೊತ್ತು ಟೀಚರ್," ಎಂದ ಅವನು ಕತ್ತರಿ ಕೆಳಗಿಟ್ಟು. "ನೀವೇ ಹೇಳ್ಲಿ ಅಂತ ಸುಮ್ನಿದ್ವಿ."

ಮುಚ್ಚಿಟ್ಟದ್ದೆಲ್ಲ ದಂಡ ಎಂದು ತಮ್ಮನ್ನೇ ಹಳಿದುಕೊಳ್ಳುತ್ತ ಟೀಚರ್ ಔಷಧಿ ಅಂಗಡಿಗೂ ಪಂಚರ್ ಅಂಗಡಿಗೂ ಹೇಳಿ ಬಂದರು. ಗಂಡನ ಅಂಗಿಗಳ ಕಾಲರಿನೊಳಗೆ ಫೋನ್ ನಂಬರು ಹೊಲಿದರು. ದಿನಾ ಬೆಳಿಗ್ಗೆ ಬಟ್ಟೆ ಹಾಕಿಸಿದ ಮೇಲೆ ಒಂದು ಫೋಟೋ ತೆಗೆದಿಡುವ ಅಭ್ಯಾಸ ಮಾಡಿಕೊಂಡರು.

ಒಂದು ದಿನ ಟೀಚರ್ ಮಹಡಿ ಮೇಲೆ ಬಟ್ಟೆ ಒಣಹಾಕಿ ಇಳಿಯುವಷ್ಟರಲ್ಲಿ ಗೇಟು ಹಾರುಹೊಡೆದಿತ್ತು. ಒಳಗೆ ಹುಡುಕಿದರು, ಗಂಡ ಇಲ್ಲ. ಅಂಗಡಿಗಳಿಗೆ ಫೋನು ಮಾಡಿದರು, ಠಾಣೆಗೆ ಬೆಳಗಿನ ಫೋಟೋ ಕಳಿಸಿದರು. ಕೊನೆಗೆ ಮಗನಿಗೂ ಹೇಳಿದರು. ಅವನು ಎದ್ದು ಬರುವ ಬದಲು ಕೂತಲ್ಲಿಂದಲೇ ಮೊಬೈಲಿನ ನೆಂಟರ ಗುಂಪಿಗೆ ಆ ಕೋಟಿನ ಫೋಟೋ ಹಾಕಿ, ಕೆಳಗೆ "ಅಪ್ಪ ನಮ್ಮನ್ನು ಬಿಟ್ಟು ಹೋಗಿದ್ದಾರೆ" ಎಂದು ಬರೆದ. ಓದಿದವರು ಇನ್ನೇನು ತಿಳಿದಾರು? ಟೀಚರ್ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಧೈರ್ಯ ತಂದುಕೊಳ್ಳಿ, ಒಳ್ಳೆಯ ಜೀವ, ನರಳದೆ ಹೋದರಲ್ಲ ಎಂದರು ನೆಂಟರು.

"ಬದುಕಿದಾರೆ, ಫೋನಿಡಿ," ಎಂದು ಟೀಚರ್ ಒಬ್ಬೊಬ್ಬರನ್ನೇ ಝಾಡಿಸಿದರು. ಈ ಸಂತಾಪದ ಸಂತೆಯ ನಡುವೆ ಸಲೂನಿನವನ ಕರೆ ತೂರಿಬಂದದ್ದೇ ದೊಡ್ಡದು. ಬಸ್ ಸ್ಟಾಪಿನಲ್ಲಿ ನಿಂತಿದ್ದವರನ್ನು ಪಂಚರ್ ಅಂಗಡಿಯವನು ನೋಡಿ, ಮಾತಾಡಿಸುತ್ತ ಸಲೂನಿಗೆ ಕರೆತಂದು ಬಿಟ್ಟಿದ್ದನಂತೆ.

ಟೀಚರ್ ಓಡಿದಂತೆ ನಡೆದು ಒಳಗೆ ಕಾಲಿಟ್ಟಾಗ ಗಂಡ ಕೆನ್ನೆ ತುಂಬ ನೊರೆ ಮೆತ್ತಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದರು. ಕನ್ನಡಿಯಲ್ಲಿ ಹೆಂಡತಿಯನ್ನು ಕಂಡು ಸಲೂನಿನವನತ್ತ ವಾಲಿ, "ಆಕೆ ಟೀಚರ್ ಅಲ್ವಾ? ಬಹಳ ಜೋರಂತೆ," ಎಂದರು.

"ಹೌದು ಸಾರ್. ಬಹಳ ಜೋರು."

"ಕೆಲಸ ಮುಗ್ಸಪ್ಪ. ನಾನು ಕಾಯ್ತೀನಿ," ಎಂದ ಟೀಚರ್ ಬೆಂಚಿನ ಮೇಲೆ ಕುಸಿದು ಕೂತು ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಸಂಜೆ ಮಗನ ಫೋನು. ಅಪ್ಪ ಸಿಕ್ಕರೆಂದು ಗುಂಪಿನಲ್ಲಿ ಹಾಕಿದ್ದಕ್ಕೆ ಎಷ್ಟೊಂದು ಜನ ಕೈ ಮುಗಿದಿದ್ದಾರೆ ಎಂದು ಹಿಗ್ಗಿದ. ಯಾರಾದರೂ ಕೇಳಿದರೆ ವಾಕಿಂಗ್ ಹೋಗಿದ್ದರು ಎಂದುಬಿಡು ಎಂದೂ ಸೇರಿಸಿದ.

"ಆ ಕೈ ಮುಗಿದೋರಲ್ಲಿ ಒಬ್ಬರನ್ನ ಬೆಳಿಗ್ಗೆ ಇಲ್ಲಿಗೆ ಕಳ್ಸು. ನಿಮ್ಮಪ್ಪಂಗೆ ಸ್ನಾನ ಮಾಡಿಸೋಕೆ ಜನ ಬೇಕು," ಎಂದರು ಟೀಚರ್.

ಭಾನುವಾರ ಅವನೇ ಬಂದ. ಪ್ಯಾಂಟು ಮಡಿಸಿ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಬಚ್ಚಲಲ್ಲಿ ಮಗ್ಗು ಹಿಡಿದು ನಿಂತ. ಅಪ್ಪ ಅವನ ಮೇಲೆಯೇ ನೀರೆರಚಿದರು. ಟೀಚರ್ ಸಹಾಯಕ್ಕೆ ಹೋಗಲಿಲ್ಲ. ಕಿವಿ ಹಿಂದೆ ಸೋಪು ಹಚ್ಚುವುದನ್ನು ಮರೆಯಬೇಡ ಎಂದು ಹೊರಗಿನಿಂದಲೇ ಹೇಳಿ, ಸ್ಟೂಲು ಎಳೆದುಕೊಂಡು ಕೂತರು.