ನನ್ನ ಕಣ್ಣೊಳಗಿನ ಹಳದಿ

ಕಣ್ಣು ಕಟ್ಟಿ ಅಂಗಾತ ಮಲಗಿಸಿ ಎರಡು ದಿನವಾಗಿತ್ತು. ತಲೆಯ ಎರಡೂ ಬದಿಗೆ ಉಸುಕಿನ ಚೀಲ. ಕೆಮ್ಮಬಾರದು, ಸೀನಬಾರದು, ಹೊರಳಬಾರದು. ಮೂಗಿನ ಮೇಲೆ ನೊಣ ಕೂತರೂ ಹೊಡೆಯುವಂತಿಲ್ಲ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂಡದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಜೇಲು ಬೇಕೆ?

ಎಪ್ಪತ್ತೆಂಟರ ಬೇಸಿಗೆ. ಹುನಗುಂದದ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ಹಾಕಿದ್ದರು. ನಾನು ಇಳಕಲ್ಲಿನ ರಾಚಪ್ಪ, ಸೀರೆಯ ನೂಲಿಗೆ ಬಣ್ಣ ಹಾಕುವವನು. ಬಲಗಣ್ಣಿನ ಪೊರೆ ತೆಗೆದು ಎರಡೂ ಕಣ್ಣಿಗೆ ಪಟ್ಟಿ ಬಿಗಿದಿದ್ದರು. ಹೆಂಡತಿ ಗುರುಲಿಂಗವ್ವ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದಳು.

ಮೈ ಅಲ್ಲಾಡದಿದ್ದರೆ ತಲೆ ಓಡುತ್ತದೆ. ನನ್ನ ತಲೆಯ ತುಂಬ ಯಾಕೂಬಸಾಬ. ಇಪ್ಪತ್ತೆರಡು ವರ್ಷ ಒಂದೇ ಬಣ್ಣದ ಬಾನಿಯಲ್ಲಿ ಕೈ ಅದ್ದಿದವರು ನಾವು. ಪ್ರತಿ ಸಲ ಬಣ್ಣ ತೆಗೆದಾಗ ನೂಲಿನ ಒಂದು ಸಣ್ಣ ಲಡಿ ಬೇರೆ ಇಡುತ್ತಿದ್ದೆವು. ಬಣ್ಣ ಒಪ್ಪಿಗೆಯಾದರೆ ಅದಕ್ಕೆ ಅವನದೊಂದು ಗಂಟು, ನನ್ನದೊಂದು ಗಂಟು. ಎರಡೂ ಬಿದ್ದ ಮೇಲೆಯೇ ನೂಲು ನೇಕಾರನ ಮನೆಗೆ.

ಯುಗಾದಿಯ ಹೊತ್ತಿಗೆ ತೆಗೆದ ನೀಲಿ ನನಗೆ ಪಾಚಿಯಂತೆ ಹಸಿರು ಕಂಡಿತು. ಪೇಟೆಯ ನಡುವೆ, ನಾಲ್ಕು ಮಂದಿಯ ಎದುರು, "ಚೊಲೋ ನೀಲಿ ಮಾರ್ಕೊಂಡು ಹಳದಿ ಬೆರಸಿಯೇನಲೇ, ಕಳ್ಳ!" ಎಂದು ಒದ್ದೆ ಲಡಿಯನ್ನು ಅವನ ಎದೆಗೆ ಎಸೆದೆ. ಅವನು ಅದನ್ನು ನೆಲದಿಂದ ಎತ್ತಿ, ತನ್ನ ಗಂಟು ಹಾಕಿ, ನನ್ನ ಕೈಗಿಟ್ಟು ಹೋದ. ತಿಂಗಳಾದರೂ ಮತ್ತೆ ಬಾನಿಯ ಕಡೆ ಸುಳಿಯಲಿಲ್ಲ. ಬರುವ ಸೋಮವಾರ ಹೆಂಡತಿ ಅಮೀನಬಿಯನ್ನು ಕರೆದುಕೊಂಡು ಸೊಲ್ಲಾಪುರದ ಗಿರಣಿಗೆ ಹೊರಡುತ್ತಾನೆಂದು ಸುದ್ದಿ. ಹೋಗಲಿ, ಪೀಡೆ ತೊಲಗಿತು ಎಂದಿದ್ದೆ. ಹಿರಿಯರ ಮುಂದೆ ಸಾಕ್ಷಿಗೆಂದು ಆ ಲಡಿಯನ್ನು ಚೀಲದಲ್ಲಿಟ್ಟುಕೊಂಡೇ ತಿರುಗುತ್ತಿದ್ದೆ.

ಶನಿವಾರ ಬೆಳಿಗ್ಗೆ ಡಾಕ್ಟರು ಬಂದರು. ಮೈಸೂರು ಕಡೆಯ ಹುಡುಗ, ನನ್ನ ಚಡಪಡಿಕೆ ನೋಡಿ ಮಾತಿಗೆ ಕೂತರು.

"ಅಲ್ಲಾಡಬೇಡಿ ಯಜಮಾನರೇ. ನಿಮ್ಮ ಕಣ್ಣೊಳಗೆ ಏನಿದೆ ಅಂತ ಹೇಳ್ತೀನಿ, ಕೇಳಿ. ಮುಂದುಗಡೆ ತಿಳಿ ಗಾಜಿನಂಥ ಕಾರ್ನಿಯಾ. ಅದರ ಹಿಂದೆ ಬಣ್ಣದ ಪರದೆ, ನಡುವೆ ಒಂದು ತೂತು, ಅದೇ ಪಾಪೆ. ಬಿಸಿಲಿಗೆ ಕಿರಿದಾಗುತ್ತೆ, ಕತ್ತಲಲ್ಲಿ ಹಿಗ್ಗುತ್ತೆ. ಅದರ ಹಿಂದೆ ಅವರೆಕಾಳಿನಷ್ಟು ಮಸೂರ. ಅದು ಬೆಳಕನ್ನ ಕೂಡಿಸಿ ಹಿಂದಿನ ಅಕ್ಷಿಪಟದ ಮೇಲೆ ಚಿತ್ರ ಬೀಳಿಸುತ್ತೆ, ತಲೆಕೆಳಗಾಗಿ. ನರ ಅದನ್ನ ಮಿದುಳಿಗೆ ಒಯ್ಯುತ್ತೆ. ನೆಟ್ಟಗೆ ಮಾಡಿಕೊಳ್ಳೋದು ಮಿದುಳು."

"ಇದ್ದವರದು," ಎಂದಳು ಗುರುಲಿಂಗವ್ವ.

"ನಿಮ್ಮ ಮಸೂರವನ್ನೇ ತೆಗೆದಿದ್ದೀವಿ. ಹೊಗೆ ಹಿಡಿದ ಗಾಜಿನ ಹಾಗೆ ಹಳದಿಯಾಗಿತ್ತು. ಎಂಟು ಹತ್ತು ವರ್ಷದ್ದಿರಬೇಕು. ಅಂಥ ಮಸೂರ ನೀಲಿಯನ್ನ ಒಳಗೆ ಬಿಡೋದೇ ಇಲ್ಲ. ನಿಧಾನವಾಗಿ ಆಗೋದ್ರಿಂದ ಯಾರಿಗೂ ತಿಳಿಯಲ್ಲ."

ಯುಗಾದಿಯ ಆ ಲಡಿ ನೆನಪಾಯಿತು. ಡಾಕ್ಟರು ಮುಂದಿನ ಹಾಸಿಗೆಗೆ ಹೋದದ್ದೇ ತಡ, ಹೆಂಡತಿಯ ಕೈ ಹಿಡಿದೆ.

"ಚೀಲದಾಗಿನ ಲಡಿ ತಗಿ. ಅದು ಯಾವ ಬಣ್ಣ?"

"ನೀಲಿ. ಇನ್ಯಾವ್ದು?"

"ಹಸರ ಐತೇನು ಸರಿಯಾಗಿ ನೋಡ."

"ಹಸರೂ ಇಲ್ಲ ಗಿಸರೂ ಇಲ್ಲ. ಚೊಲೋ ನೀಲಿ."

"ಮತ್ತ ಇಷ್ಟ ದಿನ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನನ್ನ ಮ್ಯಾಲೂ ಏರಿ ಬರ್ತಿದ್ರಿ. ನಿಮ್ಮ ಬಾಯಿಗಿ ಅಡ್ಡ ಬರಾವ್ರು ಯಾರ್ರಿ?"

ಥೂ, ನನ್ನ ಜನ್ಮಕ್ಕಿಷ್ಟು! ಹಳದಿ ಇದ್ದದ್ದು ನನ್ನ ಕಣ್ಣಲ್ಲಿ, ಕಳ್ಳನಾದವನು ಯಾಕೂಬ. ಏಳಲು ಹೋದೆ. ಅವಳು ಭುಜ ಒತ್ತಿ ಹಿಡಿದಳು.

"ಎದ್ರ ಕಣ್ಣ ಹೋಗ್ತೈತ್ರಿ!"

"ಅಂವಾ ಸೋಮಾರ ಹೊಂಟಾನ. ನನ್ನ ಪಟ್ಟಿ ಬಿಚ್ಚೂದು ಮಂಗಳಾರ. ಕೊಡ ಇಲ್ಲಿ ಲಡಿ."

ಬೆರಳಿನಿಂದಲೇ ಯಾಕೂಬನ ಗಂಟು ಹುಡುಕಿದೆ. ಅದರ ಪಕ್ಕದಲ್ಲಿ ನನ್ನ ಗಂಟು ಹಾಕಿದೆ. ಕಣ್ಣು ಕಾಣದೆ ಮೂರು ಸಲ ಜಾರಿತು.

"ಇಳಕಲ್ಲ ಬಸ್ ಹಿಡಿ. ಇದನ್ನ ಯಾಕೂಬನ ಕೈಯಾಗ ಕೊಡ. ರಾಚ್ಯಾಗ ಕಣ್ಣ ಇದ್ದಿದ್ದಿಲ್ಲ, ಬಾಯಿ ಅಷ್ಟ ಇತ್ತು ಅಂತ ಹೇಳ."

ಸಂಜೆ ಅವಳು ಬರಿಗೈಯಲ್ಲಿ ಬಂದಳು. "ಅವ್ರು ಲಡಿ ತಿರುವಿ ತಿರುವಿ ನೋಡಿದ್ರು. ಕಿಸೇದಾಗ ಇಟ್ಕೊಂಡ್ರು. ಟ್ರಂಕ ಕಟ್ಟಿ ಬಾಗಲದಾಗ ಇಟ್ಟಾರ."

ಭಾನುವಾರ ಹೇಗೋ ಕಳೆಯಿತು. ಸೋಮವಾರ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಇದರಲ್ಲೇ ಅವನು ಹೋದ ಎಂದುಕೊಂಡೆ. ಊಟ ಬೇಡವೆಂದೆ.

ಮಂಗಳವಾರ ಬಲಗಣ್ಣಿನ ಪಟ್ಟಿಯನ್ನಷ್ಟೇ ಬಿಚ್ಚಿದರು. ಮಸೂರವಿಲ್ಲದ ಕಣ್ಣಿಗೆ ದಪ್ಪ ಕನ್ನಡಕ ಬರುವ ತನಕ ಆಕಾರ ನಿಲ್ಲುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮುಂದೆ ಯಾರೋ ಏನನ್ನೋ ಹಿಡಿದರು.

"ಯಾವ ಬಣ್ಣ?" ಡಾಕ್ಟರು ಕೇಳಿದರು.

ನೀಲಿ! ಅಬ್ಬಾ, ಎಂಥ ನೀಲಿ! ಇಂಥದೊಂದು ಬಣ್ಣ ಇತ್ತೆಂಬುದನ್ನೇ ನಾನು ಮರೆತಿದ್ದೆ. ಅದು ನಮ್ಮ ಲಡಿ. ಅದನ್ನು ಹಿಡಿದವನ ಮುಖ ಬರೀ ಮಬ್ಬು. ಆದರೆ ಕೈಗಳು ಮೊಣಕೈವರೆಗೆ ನೀಲಿ. ಬಾನಿ ಬಿಟ್ಟ ಬಣ್ಣಗಾರನ ಕೈ ಹದಿನೈದು ದಿನದಲ್ಲಿ ತೊಳೆದುಹೋಗುತ್ತದೆ. ಇದು ನಿನ್ನೆಯ ಬಣ್ಣ.

"ನಿನ್ನ ಗಂಟ ಸಡಲ ಬಿದ್ದಿತ್ತಲೇ ರಾಚ್ಯಾ, ನಾನ ಬಿಗದೇನಿ," ಎಂದಿತು ಆ ಮಬ್ಬು. "ಲಗೂ ಏಳ. ಬಾನಿ ಕಲಸಾಕ ನಾ ಒಬ್ಬಾವನ ಅದೇನಿ."

ಕಣ್ಣು ತುಂಬಿ ಬಂತು.

"ಅಳಬೇಡಿ, ಹೊಲಿಗೆ ಇನ್ನೂ ಹಸಿ!" ಡಾಕ್ಟರು ಗದರಿದರು.

"ನಾ ಏನ ಬೇಕಂತ ಅಳಾಕತ್ತೇನೇನ್ರಿ?" ಎಂದೆ.